ಓದದೆ ಬಿಟ್ಟ ಅಡ್ಡ ಸಾಲುಗಳು

ಕೆಜೈಯಾ,

ಪಾದ್ರಿಯವರ ಹೆಂಡತಿಗೆ ಹೆರಿಗೆ ನೋವು ಶುರುವಾಗಿದೆಯಂತೆ, ಹೋಗುತ್ತಿದ್ದೇನೆ. ಬ್ರೆಡ್ಡಿಗೆ ನಾದಿದ ಹಿಟ್ಟು ಒಲೆಯ ಪಕ್ಕದಲ್ಲಿದೆ, ಉಬ್ಬಿದ ಮೇಲೆ ಬೇಯಿಸು. ಅಮ್ಮ ಎಷ್ಟು ಗೋಗರೆದರೂ ಉಪ್ಪು ಹಾಕಿದ ಹಂದಿಮಾಂಸ ಕೊಡಬೇಡ.

ಆಯೋವಾದಿಂದ ಬಂದ ತಮ್ಮನ ಕಾಗದವನ್ನು ನಿನ್ನೆ ಸಂಜೆ ನೀನು ಅಮ್ಮನಿಗೆ ಚೆನ್ನಾಗಿಯೇ ಓದಿದೆ. ಆದರೆ ಹಾಳೆ ತಿರುಗಿಸಲಿಲ್ಲ. ಹಾಳೆ ತುಂಬಿದ ಮೇಲೆ ಅದನ್ನು ತಿರುಗಿಸಿ, ಬರೆದ ಸಾಲುಗಳ ಮೇಲೆಯೇ ಅಡ್ಡಲಾಗಿ ಮತ್ತೆ ಬರೆಯದೆ ನಿನ್ನ ಗಂಡ ಆಸಹೆಲ್ ಎಂದಾದರೂ ಕಾಗದ ಮುಗಿಸಿದ್ದುಂಟೆ? ನಾನು ಕೇಳಿದ್ದಕ್ಕೆ "ಈ ಸಲ ಅವರಿಗೆ ಪುರುಸೊತ್ತಿರಲಿಲ್ಲ ಅನ್ಸುತ್ತೆ, ಅತ್ತಿಗೆ" ಅಂದೆ. ನಿನ್ನ ಬೆನ್ನ ಹಿಂದೆ ದೀಪ ಹಿಡಿದು ನಿಂತವಳು ನಾನು. ಅಡ್ಡ ಸಾಲುಗಳಿದ್ದವು. ಅವು ಅವನ ಅಕ್ಷರವಲ್ಲ. ಆ ಕಾಗದವನ್ನು ಬೇರೆ ಯಾರೋ ಮುಗಿಸಿದ್ದಾರೆ.

ಇವತ್ತು ಬೆಳಿಗ್ಗೆ ಕೊಟ್ಟಿಗೆಯಲ್ಲಿ ನೀನು ಹಂಡೆ ತುಂಬ ಕಪ್ಪು ಬಣ್ಣ ಕದಡಿಟ್ಟಿದ್ದನ್ನೂ ನೋಡಿದೆ. ಕೇಳಿದರೆ ಪರದೆಗೆ ಅನ್ನುತ್ತೀಯ. ನಮ್ಮ ಮನೆಯಲ್ಲಿ ಕಪ್ಪು ಪರದೆ ಯಾರು ಕಟ್ಟುತ್ತಾರೆ? ಬಟ್ಟೆಗೆ ಕಪ್ಪು ಹಾಕುವುದು ಸತ್ತವರ ಶೋಕಕ್ಕೆ ಉಡಲು.

ಅಮ್ಮನಿಗೆ ಕಣ್ಣು ಕಾಣದಿರಬಹುದು, ಕಿವಿ ಚೆನ್ನಾಗಿಯೇ ಕೇಳುತ್ತದೆ. ಮಲಗುವಾಗ "ಎಲೆಕ್ಟಾ, ಕಾಗದ ತಿರುಗಿಸಿದ ಸದ್ದೇ ಬರಲಿಲ್ವಲ್ಲೇ" ಅಂದಳು. ನಿದ್ದೆ ಹತ್ತಿದವಳಂತೆ ಮಗ್ಗುಲು ಬದಲಿಸಿದೆ.

ಮತ್ತೆ ಕೇಳಿದರೆ ಸುಳ್ಳು ಹೇಳಬೇಡ, ನಾನು ಬಂದ ಮೇಲೆ ಓದುತ್ತೇವೆ ಅನ್ನು. ಒಬ್ಬಳೇ ಓದಿಕೊಂಡದ್ದು ಸಾಕು. ಅಲ್ಲಿಯವರೆಗೆ ನಿನ್ನ ನೀಲಿ ಉಡುಪನ್ನು ಹಂಡೆಗೆ ಹಾಕಬೇಡ. ಹಾಕಲೇಬೇಕಾಗಿ ಬಂದರೆ ನನ್ನದೂ ಇದೆ, ಅಮ್ಮನದೂ ಇದೆ.

ಎಲೆಕ್ಟಾ