ಬಿಚ್ಚದ ಮುಷ್ಟಿ

ಭಾನುವಾರ, ಇಳಿಹೊತ್ತು

ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿರುವ ಮಗಳಿಗೆ,

ಹಾಗಲ್ಲ ಅದು. ನಿನ್ನೆ ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡಲೇ ಇಲ್ಲ. ತಮ್ಮ ಇನ್ನು ಹೊಸ್ತಿಲು ದಾಟುವುದು ಬೇಡ, ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದಿದ್ದು ಸಾಕು, ನಿನ್ನ ಮನೆಯ ಹಿಂದಿನ ಕೋಣೆಯಲ್ಲಿರಲಿ ಅಂದುಬಿಟ್ಟೆ ನೀನು. ಅವನಿಗೆ ಮೂವತ್ತು ದಾಟಿದೆ ಮಾರಾಯ್ತಿ. ಕೋಣೆಗೆ ತಳ್ಳಲು ಅವನೇನು ಹಳೇ ಬೀರುವೇ?

ಶುಕ್ರವಾರ ಸಂಜೆ ಬಸ್ಸು ಗಕ್ಕನೆ ನಿಂತಿತು. ಬೀಳುವಾಗ ಅವನ ಕೈಗೆ ಸಿಕ್ಕಿದ್ದು ಒಬ್ಬ ಹೆಂಗಸಿನ ಚೀಲದ ಪಟ್ಟಿ. ಬೆಚ್ಚಿದರೆ ಅವನ ಮುಷ್ಟಿ ಬಿಗಿಯುತ್ತದೆ, ಆಮೇಲೆ ಅವನ ಮಾತನ್ನೂ ಕೇಳುವುದಿಲ್ಲ. ಅದು ನಮಗೆ ಗೊತ್ತು, ಬಸ್ಸಿನವರಿಗೆ ಗೊತ್ತಿಲ್ಲ. ಆಕೆ ಕಳ್ಳ ಅಂದಳು. ಇವನ ನಾಲಿಗೆ ತೊದಲಿತು, ಉಳಿದವರು ಕುಡುಕ ಅಂದರು. ಸೆರೆಬ್ರಲ್ ಪಾಲ್ಸಿ ಅನ್ನುವುದು ನನ್ನ ನಾಲಿಗೆಗೇ ಹೊರಳುವುದಿಲ್ಲ, ಒದೆ ತಿನ್ನುವವನು ಹೇಗೆ ಹೇಳಿಯಾನು? ಬಿಡೋ ಅಂತ ಒಬ್ಬ ಕಿರುಚಿ ಕೆನ್ನೆಗೆ ಬಾರಿಸಿದ. ಮುಷ್ಟಿ ಇನ್ನೂ ಬಿಗಿಯಿತು. ಬಿಡಲಿಲ್ಲವೆಂದು ಮತ್ತೆ ಹೊಡೆತ. ನಿಲ್ದಾಣದಲ್ಲಿ ಕೆಳಗೆಳೆದು ಬೂಟುಗಾಲಿನಲ್ಲಿ ಪಕ್ಕೆಗೆ ಒದ್ದರು, ಒಬ್ಬ ಬೆರಳುಗಳ ಮೇಲೇ ಹತ್ತಿ ನಿಂತ.

ಅವನಿಗಾಗಿ ಕಾಯುತ್ತಿದ್ದ ನಾನು ಗುಂಪು ಸೀಳಿ ಒಳಗೆ ನುಗ್ಗಿದೆ. ತುಟಿ ಹರಿದು ಗದ್ದವೆಲ್ಲ ರಕ್ತ. ಒಬ್ಬ ಬೊಕ್ಕತಲೆಯವನು ಮಂಡಿಯೂರಿ ಅವನ ಕೈ ತಿರುಚುತ್ತಿದ್ದ. ಛತ್ರಿಯ ಹಿಡಿಯಿಂದ ಆ ತಲೆಗೆ ಒಂದು ಬಿಟ್ಟೆ. ಅವನು ಬಿದ್ದ ಮೇಲೂ ಇನ್ನೊಂದು ಬಿಟ್ಟೆ. ಎಲುಬಿನ ಸದ್ದು ಕೇಳಿಸಿತು, ಸುಳ್ಳೇಕೆ, ಹಿತವಾಯಿತು. ನಿನ್ನ ತಮ್ಮ ನೆಲದಿಂದ ಏನೋ ಕೂಗುತ್ತಿದ್ದ, ನನಗೂ ಬರೀ ತೊದಲೇ ಕೇಳಿಸಿತು. ಸೆಲ್ಫ್ ಡಿಫೆನ್ಸ್ ತಪ್ಪಲ್ಲ ಅಂತ ಕಾಲೇಜಿನಲ್ಲಿ ಓದಿದ ನೆನಪು. ಮುಂದೆ ಎಕ್ಸೆಪ್ಟ್, ಇಂಥದ್ದರ ಹೊರತು, ಅಂತ ಏನೋ ಇತ್ತು, ಅದು ಮರೆತುಹೋಗಿದೆ.

ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಎಲ್ಲರ ಹಾಗೆ ನನ್ನನ್ನೇ ಕೇಳಿದ, ಇವನಿಗೆ ಏನಾಗಿದೆ ಯಜಮಾನ್ರೇ ಅಂತ. ನನ್ನನ್ನೇ ಕೇಳಿ ಸಾರ್, ತಡ ಆಗುತ್ತೆ, ಆದರೆ ಪೂರ್ತಿ ಹೇಳ್ತೀನಿ ಅಂದ ನಿನ್ನ ತಮ್ಮ. ಹುಟ್ಟುವಾಗ ಮಿದುಳಿಗೆ ಪೆಟ್ಟು, ಕೆಟ್ಟಿದ್ದು ಮೈಯ ಹಿಡಿತ, ಬುದ್ಧಿಯಲ್ಲ ಅಂತ ಹೇಳಿದ. ಆತ ಬರೆದುಕೊಂಡದ್ದರಲ್ಲಿ ಎರಡು ಕಾಗುಣಿತ ತಪ್ಪನ್ನೂ ತೋರಿಸಿದ.

ನಾಡಿದ್ದು ಡಿಪೋದಲ್ಲಿ ಡ್ರೈವರ್ ಕಂಡಕ್ಟರುಗಳ ಮುಂದೆ ಇದನ್ನೇ ಹೇಳುತ್ತಾನಂತೆ, ಅದೇ ಬಸ್ಸಿನಲ್ಲಿ ಹೋಗಿ, ಒಬ್ಬನೇ. ಬೇಡ ಅನ್ನುವುದಿದ್ದರೆ ಅವನಿಗೇ ಅನ್ನು. ಪಕ್ಕೆಗೆ ಪಟ್ಟಿ ಸುತ್ತಿಕೊಂಡು ಕನ್ನಡಿಯ ಮುಂದೆ ಭಾಷಣ ಕಲಿಯುತ್ತಿದ್ದಾನೆ. ನಾನು ಕೆಮ್ಮಿದರೆ ಸೈಲೆನ್ಸ್ ಅನ್ನುತ್ತಾನೆ.

ಕಿಟಕಿಯ ಬೆಳಕು ಹೋಗುತ್ತಿದೆ. ಸಾಲು ಯಾವುದು ಅಂತ ಕಾಣುತ್ತಿಲ್ಲ, ಇಲ್ಲಿಗೆ ಸಾಕು.

ನಿನ್ನ ಬೈಗುಳಕ್ಕೆ ಕಾದಿರುವ,
ಅಪ್ಪ

ಮತ್ತೊಂದು: ಆ ಬೊಕ್ಕತಲೆಯವನು ಹೊಡೆದವರ ಪೈಕಿ ಅಲ್ಲ. ಮಣಿಕಟ್ಟು ಮೆಲ್ಲಗೆ ಒಳಕ್ಕೆ ಬಗ್ಗಿಸಿದರೆ ಬೆರಳು ತಾವಾಗಿ ಸಡಿಲವಾಗುತ್ತವಲ್ಲ, ಬದುಕಿದ್ದಾಗ ನಿಮ್ಮಮ್ಮ ಮಾಡುತ್ತಿದ್ದಳಲ್ಲ, ಅದನ್ನೇ ಮಾಡುತ್ತಿದ್ದನಂತೆ, ನಿನ್ನ ತಮ್ಮ ನೆಲದಿಂದ ಕೂಗಿದ್ದೂ ಅದನ್ನೇ. ಅವನ ಮಗಳೂ ನಮ್ಮವನ ಹಾಗೆಯೇ ಅಂತ ಅವನ ಮನೆಯವರು ಹೇಳಿದರು. ಆ ಮನುಷ್ಯನಿಗೆ ಇನ್ನೂ ಪ್ರಜ್ಞೆ ಬಂದಿಲ್ಲ. ಈ ಬೊಕ್ಕತಲೆಯವನನ್ನು ಹೊಡೆದದ್ದು ಯಾರು ಅಂತ ಇನ್ಸ್‌ಪೆಕ್ಟರ್ ಕೇಳಿದಾಗ ನಾನು ಸುಮ್ಮನಿದ್ದೆ. ನಮ್ಮಪ್ಪ ಅಂದ ನಿನ್ನ ತಮ್ಮ. ಆತನಿಗೆ ಅರ್ಥವಾಗಲಿಲ್ಲ. ಅರ್ಥವಾಗುವ ತನಕ ಹೇಳಿದ.