ಬಾಕ್ಸ್ ರೂಮಿನ ಟೊಮ್ಯಾಟೊ

ಭಾನುವಾರ, 18 ನವೆಂಬರ್ 2001, ಹಾರ್ಬೋರ್ನ್

ಸಾಮಾನು ತುಂಬುವ ಬಾಕ್ಸ್ ರೂಮಿನಲ್ಲಿ ಲೈಟಿನ ಕೆಳಗೆ ವಿರಾಜಮಾನವಾಗಿರುವ ಮಹಾಸಸ್ಯಕ್ಕೆ ಸಾಷ್ಟಾಂಗ ನಮಸ್ಕಾರ. ಮನೆಯವರಿಗೆ ಅದು ಟೊಮ್ಯಾಟೊ. ಗಾಂಜಾ ಅಂತ ಗೊತ್ತಿರುವುದು ನನಗೆ, ಅಪ್ಪನ ತಂಗಿ ಸುಚೇತಾತ್ತೆಗೆ ಮಾತ್ರ. ಪೊಲೀಸರಿಗೆ ಗೊತ್ತಾದರೆ ಅಪ್ಪನ ಡಾಕ್ಟರ್ ಕೆಲಸವೂ ಹೋಗುತ್ತೆ. ಮೂರು ತಿಂಗಳಿಂದ ಇದೇ ಹೆದರಿಕೆ.

ಎಂಎಸ್ ಅನ್ನೋ ನರಗಳ ಕಾಯಿಲೆ ಬಂದಮೇಲೆ ಅತ್ತೆಯ ಕಾಲು ಸೆಟೆದುಕೊಂಡೇ ಇರುತ್ತೆ. ನಾಲ್ಕು ವರ್ಷದಿಂದ ಕುರ್ಚಿಯಲ್ಲೇ ಊಟ. ಇವತ್ತು ಸಂಜೆ ಮೊದಲ ಫಸಲನ್ನು ಹಾಲಿಗೆ ಬೆರೆಸಿ ಕೊಟ್ಟೆ.

"ತೀರ್ಥ ಸ್ವೀಕರಿಸಬೇಕು, ತಾಯೀ."

"ಬಾಯ್ಮುಚ್ಚೋ, ಕಳ್ಳ ಸ್ವಾಮಿ," ಅಂತ ಬೈದು ಅತ್ತೆ ಕುಡಿದರು.

ಊಟದ ಹೊತ್ತಿಗೆ ಅತ್ತೆ ಕುರ್ಚಿಯಿಂದ ಮೆಲ್ಲಗೆ ಜಾರಿ, ಒಂದೊಂದೇ ಕಾಲು ಮಡಚಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು! "ತಟ್ಟೆ ಇಲ್ಲಿಗೇ ತಾ." ನಾನು ಸಾರಿನ ಸೌಟು ಹಿಡಿದು ನಿಂತೇಬಿಟ್ಟೆ. ಎರಡು ಮಂಡಿ ಮಡಚಿಕೊಳ್ಳುವುದು ಇಷ್ಟು ದೊಡ್ಡ ಸಂಗತಿ ಅಂತ ನನಗೆ ಗೊತ್ತೇ ಇರಲಿಲ್ಲ.

ಅಪ್ಪ ತಂಗಿಯ ಮಂಡಿಯನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮ ತಟ್ಟೆ ಎತ್ತಿಕೊಂಡು ಅವರ ಪಕ್ಕ ನೆಲಕ್ಕೆ ಕೂತರು. ನನ್ನ ಮುಖ ನೋಡದೆ ಕೇಳಿದರು:

"ಒಂದೇ ಟೊಮ್ಯಾಟೊ ಗಿಡ ಸಾಕಾಗತ್ತೇನೋ?"

ಅಪ್ಪನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿ, ನಾನೂ ಅವರ ಪಕ್ಕ ನೆಲಕ್ಕೆ ಕೂತೆ.