ತಪ್ಪಿಲ್ಲದ ವಾಚು

ಶಿರಸಿ
ಗುರುವಾರ, 12 ಫೆಬ್ರವರಿ 2026

ಯಲ್ಲಾಪುರದ ರವೀಂದ್ರ ಅವರಿಗೆ ದಾಕ್ಷಾಯಿಣಿಯ ಶರಣು.

ಗಂಡನ ಹೆಸರು ಹಿಡಿದು ಬರೆಯಬಾರದು ಎಂದು ನಿಮ್ಮ ತಾಯಿ ಅನ್ನಪೂರ್ಣವ್ವನವರು ಮದುವೆಯ ಮರುದಿನವೇ ಹೇಳಿಕೊಟ್ಟಿದ್ದರು. ಒಂದೂವರೆ ವರ್ಷದಿಂದ ತವರಿನಲ್ಲಿ ಕೂತವಳಿಗೂ ಆ ನಿಯಮ ಇದೆಯೋ ಇಲ್ಲವೋ ಗೊತ್ತಿಲ್ಲ, ಬರೆದುಬಿಟ್ಟಿದ್ದೇನೆ.

ಮೊನ್ನೆ ನಿಮ್ಮ ಮೆಸೇಜ್ ಬಂತು. ಅಪ್ಪ ನಿಮಗೆ ಕಟ್ಟಿದ್ದ ವಾಚು ಈಗ ಎಲ್ಲಿದೆ ಎಂದು ಮೊದಲ ಸಾಲಿನಲ್ಲೇ ಕೇಳಿದ್ದೀರಿ. ಅದು ಅಪರೂಪದ್ದಂತೆ, ತಿಳಿದವರು ಹುಡುಕಿಕೊಂಡು ಅಲೆಯುತ್ತಾರಂತೆ, ಹುಬ್ಬಳ್ಳಿಯ ಯಾರೋ ಹಳೆಯ ಫೋಟೋದಲ್ಲಿ ನಿಮ್ಮ ಕೈ ನೋಡಿ ಹೌಹಾರಿದರಂತೆ. ಯಾರಿಗೂ ಕೊಡಬೇಡ ಎಂಬ ಅಪ್ಪಣೆ ಬೇರೆ. ಕಟ್ಟಕಡೆಗೆ, ಯುಗಾದಿಯೊಳಗೆ ಅದನ್ನು ತೆಗೆದುಕೊಂಡು ಬಂದುಬಿಡು ಎಂದಿದೆ. ವಾಚಿನ ಜೊತೆಗೆ ನನ್ನನ್ನೂ ಕರೆದದ್ದಕ್ಕೆ ದೊಡ್ಡ ಉಪಕಾರವಾಯಿತು.

ನಿಶ್ಚಯದ ದಿನ ಹೆಣ್ಣಿನ ತಂದೆ ಅಳಿಯನ ಕೈಗೆ ವಾಚು ಕಟ್ಟುವುದು ನಮ್ಮಲ್ಲಿ ರೂಢಿ. ಎಲ್ಲರೂ ಅಂಗಡಿಯಿಂದ ತಂದು ಕಟ್ಟುತ್ತಾರೆ. ಹಳೇ ಬಸ್ ಸ್ಟ್ಯಾಂಡಿನ ಹತ್ತಿರ ನಲವತ್ತು ವರ್ಷ ವಾಚ್ ರಿಪೇರಿ ಮಾಡಿದ ನನ್ನಪ್ಪ ಸಂಗಯ್ಯನಿಗೆ ಮಾತ್ರ ಅದು ಮನಸ್ಸಿಗೆ ಬರಲಿಲ್ಲ. ನಿಮಗೆ ಕಟ್ಟಿದ್ದು ಸ್ವಿಸ್ ಕ್ರೋನೋಗ್ರಾಫ್. ಕಾಳಿ ಜಲವಿದ್ಯುತ್ ಯೋಜನೆಯ ಒಬ್ಬ ಎಂಜಿನಿಯರು ನಿವೃತ್ತರಾಗಿ ಹೋಗುವಾಗ, ಇಪ್ಪತ್ತು ವರ್ಷ ಇದನ್ನು ನೋಡಿಕೊಂಡವರು ನೀವು, ನೀವೇ ಇಟ್ಟುಕೊಳ್ಳಿ ಎಂದು ಅಪ್ಪನಿಗೆ ಕೊಟ್ಟಿದ್ದರು. ಪಕ್ಕದಲ್ಲಿ ಎರಡು ಗುಂಡಿ, ಒತ್ತಿದರೆ ಓಡುವ, ಇನ್ನೊಮ್ಮೆ ಒತ್ತಿದರೆ ನಿಲ್ಲುವ ಉದ್ದ ಮುಳ್ಳು. ತಾನು ಒಂದು ದಿನವೂ ಕಟ್ಟದೆ, ನಾನು ಹೈಸ್ಕೂಲಿನಲ್ಲಿದ್ದಾಗಿನಿಂದ ಯಾರೋ ಒಬ್ಬ ಅಳಿಯನಿಗಾಗಿ ಅದನ್ನು ಎತ್ತಿಟ್ಟಿದ್ದ.

ನೀವು ಸುಮಾರು ಮೂರು ವರ್ಷ ಕಟ್ಟಿದಿರಿ. ಆಮೇಲೆ ಗೋವಾದಲ್ಲಿ ಟ್ರ್ಯಾಕ್ಟರ್ ಡೀಲರುಗಳ ಸಭೆಯಾಯಿತು. ಅಲ್ಲಿಂದ ಬಂದವರೇ ವಾಚು ಬಿಚ್ಚಿ ಊಟದ ಮೇಜಿನ ಮೇಲೆ ಇಟ್ಟಿರಿ. ಎಲ್ಲರ ಕೈಯಲ್ಲೂ ಹೆಸರಾಂತ ವಾಚುಗಳಂತೆ, ನಿಮ್ಮದರ ಹೆಸರು ಹೇಳಿದರೆ ಒಬ್ಬನೂ ಕೇಳಿರಲಿಲ್ಲವಂತೆ. ನಿಮ್ಮಪ್ಪಗ ವಾಪಸ್ ಕೊಡು, ನಾಲ್ಕು ಮಂದಿಗೆ ಗೊತ್ತಿರೂದು ಕೊಡಸ್ಲಿ ಅಂದಿರಿ. ಆ ಮಾತು ಹೇಳುವಾಗ ನೀವು ರೊಟ್ಟಿ ಮುರಿಯುತ್ತಿದ್ದಿರಿ, ನನ್ನ ಕಡೆ ನೋಡಲಿಲ್ಲ.

ಅದು ಯಾಕೆ ಹೆಸರಾಗಲಿಲ್ಲ ಎಂದು ಹುಡುಗಿಯಾಗಿದ್ದಾಗಲೇ ನಾನು ಅಪ್ಪನನ್ನು ಕೇಳಿದ್ದೆ. ನೀವು ಕೇಳಿದ್ದರೆ ನಿಮಗೂ ಹೇಳುತ್ತಿದ್ದ. ಅಪ್ಪ ಇದರ ಬೆನ್ನನ್ನೂ ಹೆಸರಾದ ಇನ್ನೊಂದರ ಬೆನ್ನನ್ನೂ ಬಿಚ್ಚಿ ತೋರಿಸಿ, ನೋಡು ತಂಗಿ, ಒಳಗ ಒಂದ ಮಷಿನ್ನು, ಒಂದ ಕಾರ್ಖಾನಿಂದು ಅಂದ. ಮತ್ತೇನು ಕಡಿಮೆಯಾಯಿತು ಎಂದರೆ, ಇದರ ಕಂಪನಿ ಗಿರಾಕಿಯನ್ನು ಕಾಯಿಸಲಿಲ್ಲ, ಕೇಳಿದವರಿಗೆಲ್ಲ ಕೊಟ್ಟಿತು. ಹೆಸರಾದ ಕಂಪನಿಯವರು ವರ್ಷಗಟ್ಟಲೆ ಕಾಯಿಸಿದರು. ಅವರದನ್ನು ಕಾರು ಓಡಿಸುವವರು, ಸಿನಿಮಾದವರು ಕಟ್ಟಿದರು, ಇದನ್ನು ಎಂಜಿನಿಯರುಗಳು, ಡಾಕ್ಟರುಗಳು ಕಟ್ಟಿ ಕೆಲಸಕ್ಕೆ ಹೋದರು. ಇದು ಗಾತ್ರದಲ್ಲಿ ಸಣ್ಣದು, ಅಂಗಿಯ ತೋಳಿನ ಕೆಳಗೆ ಅಡಗುತ್ತದೆ. ಎರಡಕ್ಕೂ ದಿನಾ ಬೆಳಿಗ್ಗೆ ಕೀಲಿ ಕೊಡಬೇಕು, ಹೆಸರಿಲ್ಲದ್ದಕ್ಕೆ ಅಷ್ಟು ಪುರುಸೊತ್ತು ಯಾರಿಗಿದೆ. ಅಷ್ಟು ಹೇಳಿ, ಮಂದಿ ವಾಚು ನೋಡೂದಿಲ್ಲವಾ, ಅದನ್ನ ಕಟ್ಟಿದವನ್ನ ಯಾರು ನೋಡ್ತಾರ ಅಂತ ನೋಡ್ತಾರ ಅಂದಿದ್ದ.

ಅವತ್ತು ನನಗೆ ಅರ್ಥವಾಗಿರಲಿಲ್ಲ. ನಿಮ್ಮ ಮನೆಯಲ್ಲಿ ಮೂರು ವರ್ಷ ಇದ್ದ ಮೇಲೆ ಚೆನ್ನಾಗಿ ಅರ್ಥವಾಯಿತು. ನಾನೂ ಕೇಳಿದ ಕೂಡಲೇ ಸಿಕ್ಕವಳು. ನಾಲ್ಕು ಮಂದಿಯ ಎದುರು ನಿಮ್ಮ ಹೆಂಡತಿ ಎಂದು ನೀವು ನನ್ನ ಪರಿಚಯ ಹೇಳಿದ್ದು ನನಗೆ ನೆನಪಿಲ್ಲ. ನಿಮಗೆ ನೆನಪಿದ್ದರೆ ತಿಳಿಸಿ.

ವಾಚು ತಿರುಗಿ ಬಂದ ಮೇಲಿನ ಕಥೆ ನಿಮಗೆ ಗೊತ್ತಿಲ್ಲ. ಹುಡುಕಿದರೆ ತಪ್ಪು ಸಿಕ್ಕೇ ಸಿಗುತ್ತದೆ ಎಂದು ಅಪ್ಪ ನಂಬಿದ್ದ. ನಾಲ್ಕು ತಿಂಗಳು ಅದೊಂದನ್ನೇ ಹಿಡಿದು ಕೂತ. ಬಿಚ್ಚುವುದು, ತೊಳೆಯುವುದು, ಎಣ್ಣೆ ಬಿಡುವುದು, ಮತ್ತೆ ಕೂಡಿಸುವುದು. ಬೆಳಿಗ್ಗೆ ರೇಡಿಯೋ ಸುದ್ದಿಯ ಮೊದಲು ಬರುವ ಪೀಪ್ ಪೀಪ್ ಸದ್ದಿಗೆ ಹೊಂದಿಸಿ, ಎಷ್ಟು ಸೆಕೆಂಡು ಹಿಂದೆ, ಎಷ್ಟು ಮುಂದೆ ಎಂದು ಕ್ಯಾಲೆಂಡರಿನ ಬೆನ್ನಿಗೆ ಬರೆಯುವುದು. ಎರಡು ಸೆಕೆಂಡಿಗಿಂತ ಹೆಚ್ಚು ಯಾವತ್ತೂ ಬರಲಿಲ್ಲ. ಸಿದ್ದಾಪುರದಿಂದ ಅವನನ್ನೇ ಹುಡುಕಿಕೊಂಡು ಬಂದ ಗಿರಾಕಿಗಳನ್ನು ವಾಪಸ್ ಕಳಿಸಿದ. ಆಪರೇಷನ್ ಆದ ಕಣ್ಣಿಗೆ ದಿನವಿಡೀ ಭೂತಗನ್ನಡಿ ಕಚ್ಚಿಸಿಕೊಂಡೇ ಇರುತ್ತಿದ್ದ. ಇದರಾಗ ತಪ್ಪು ಸಿಗವಲ್ದು ತಂಗಿ, ಅಳಿಯಂದಿರಿಗೆ ನನ್ನ ಮಾರಿ ಹೆಂಗ ತೋರಿಸ್ಲಿ ಎಂದು ನಾನು ತವರಿಗೆ ಬಂದಾಗಲೆಲ್ಲ ಕೇಳುತ್ತಿದ್ದ.

ಆ ವರ್ಷದ ಆಗಸ್ಟಿನಲ್ಲಿ ಅಪ್ಪ ಹೋದ. ನೀವು ಬಂದಿರಿ, ಸಮಾಧಿಗೆ ಮೂರು ಹಿಡಿ ಮಣ್ಣು ಹಾಕಿದಿರಿ, ಶೋರೂಮಿನಲ್ಲಿ ಡೆಲಿವರಿ ಇದೆ ಎಂದು ನಾಲ್ಕು ಗಂಟೆಯೊಳಗೆ ಹೊರಟಿರಿ, ನಾನು ಇಲ್ಲೇ ಉಳಿದೆ. ಆವತ್ತು ನಿಮ್ಮ ಕೈಯಲ್ಲಿ ಹೊಸ ವಾಚಿತ್ತು. ಬಂದವರೆಲ್ಲ ಅದನ್ನು ನೋಡಿದರು, ನೀವು ಗೆದ್ದಿರಿ.

ವಾಚು ಅಪ್ಪನ ಮೇಜಿನ ಮೇಲೆ ಇದೆ. ದಿನಾ ಬೆಳಿಗ್ಗೆ ನಾನೇ ಕೀಲಿ ಕೊಡುತ್ತೇನೆ. ಅಂಗಡಿಯನ್ನೂ ನಾನೇ ತೆರೆಯುತ್ತೇನೆ, ಸೆಲ್ಲು ಬದಲಿಸುವುದು, ಪಟ್ಟಿ ಹಾಕುವುದು ಬರುತ್ತದೆ, ಉಳಿದದ್ದು ಕಲಿಯುತ್ತಿದ್ದೇನೆ. ಈಗ ನಾಲ್ಕು ಮಂದಿಗೆ ಗೊತ್ತಾಗಿದೆ ಎಂದು ಅದು ನಿಮ್ಮದಾಗುವುದಿಲ್ಲ. ವಾಚು ಕೊಡುವುದಿಲ್ಲ. ನಾನೂ ಬರುವುದಿಲ್ಲ.

ಇಂತಿ,
ಸಂಗಯ್ಯನ ಮಗಳು
ದಾಕ್ಷಾಯಿಣಿ

ತಾ.ಕ.: ಮೇಲೆ ಒಂದು ಮಾತು ಬಚ್ಚಿಟ್ಟಿದ್ದೇನೆ. ಅದರಲ್ಲಿ ತಪ್ಪಿದೆ ಎಂದು ಅಪ್ಪ ತಾನಾಗಿ ತಿಳಿದದ್ದಲ್ಲ. ನೀವು ಹೇಳಿ ಕಳಿಸಿದ ಮಾತನ್ನು ಅವನ ಎದುರು ಆಡಲು ನನಗೆ ಬಾಯಿ ಬರಲಿಲ್ಲ. ನಿಮ್ಮ ಮರ್ಯಾದೆ ಉಳಿಯಲಿ, ಅವನ ಮನಸ್ಸೂ ನೋಯದಿರಲಿ ಎಂದು, ವಾಚು ನಿಧಾನ ಓಡುತ್ತದಂತೆ ಅಂದುಬಿಟ್ಟೆ. ಒಂದು ವಾರ ನೋಡಿ ಸುಮ್ಮನಾಗುತ್ತಾನೆ ಎಂದುಕೊಂಡಿದ್ದೆ. ಆಸ್ಪತ್ರೆಯಲ್ಲಿ ಕೊನೆಯ ದಿನವೂ, ಎಷ್ಟು ನಿಧಾನ ಓಡ್ತಿತ್ತವಾ ಎಂದು ಕೇಳಿದ. ದಿನಕ್ಕೆ ಐದು ನಿಮಿಷ ಅಂದೆ. ಇದನ್ನು ಯಾರ ಮುಂದೆಯೂ ಹೇಳಿಲ್ಲ. ಹೇಳಿದರೆ ಅರ್ಥವಾಗುವವರು, ಆ ಮಾತು ಆಡಿದ ನಿಮ್ಮನ್ನು ಬಿಟ್ಟು ಇನ್ನೊಬ್ಬರಿಲ್ಲ.